ಕೊಟ್ರಪ್ಪ ಬಿಟ್ಟುಹೋದ ಪಾನಾ ಪೆಟ್ಟಿಗೆ

ರಾಣೆಬೆನ್ನೂರಿನ ಹಳೆಯ ಹೈವೇ ಪಕ್ಕದಲ್ಲಿ ದಾವಲ್‌ಸಾಬ ಎಂಬ ಮೆಕ್ಯಾನಿಕ್ ಇದ್ದ. ಅವನಿಗೆ ಗ್ಯಾರೇಜ್ ಇತ್ತು, ಗ್ಯಾರೇಜಿನ ತುಂಬ ಸಾಮಾನು ಇತ್ತು, ಕೆಲಸ ಮಾತ್ರ ಇರಲಿಲ್ಲ. ಈಗಿನ ಕಾರುಗಳಿಗೆ ಕಾರ್ಬುರೇಟರ್ ಇಲ್ಲ, ಪಾಯಿಂಟ್ ಉಜ್ಜುವ ಗೋಜಿಲ್ಲ. ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. "ಇವು ಗಾಡಿ ಏನ್ರೀ? ತಮ್ಮ ಮಾರೀನೂ ತೋರ್ಸಂಗಿಲ್ಲ!" ಎಂದು ಗೊಣಗುತ್ತ, ಪಂಕ್ಚರ್ ಹಾಕಿ, ಗಾಳಿ ತುಂಬಿ ದಿನ ನೂಕುತ್ತಿದ್ದ.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದವನೇ ಹಳೆಯ ಪಾನಾ ಪೆಟ್ಟಿಗೆ ತೆರೆಯುತ್ತಿದ್ದ. ಅದರಲ್ಲಿ ಪಾನಾ ಎನ್ನುವ ಸ್ಪ್ಯಾನರುಗಳು, ಗ್ರೀಸ್ ಗನ್, ಟೈಮಿಂಗ್ ಲೈಟು, ವಾಲ್ವ್ ತಿಕ್ಕುವ ಕೋಲು, ಎಲೆಯಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಗಳ ಫೀಲರ್ ಗೇಜು. ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದರದರ ಜಾಗದಲ್ಲಿ ಮಲಗಿಸುತ್ತಿದ್ದ. ಒರೆಸುವಾಗ ಹಿಂದಿನದೆಲ್ಲ ನೆನಪಾಗುತ್ತಿತ್ತು. ಆಗೆಲ್ಲ ಸರ್ವಿಸ್ ಅಂದರೆ ಗಾಡಿ ಬಿಟ್ಟು ಚೀಟಿ ಹಿಡಿದು ಹೋಗುವುದಲ್ಲ. ಗಾಡಿಯ ಮಾಲೀಕ ಬೆಂಚಿನ ಮೇಲೆ ಕೂರುತ್ತಿದ್ದ, ಚಹಾ ಬರುತ್ತಿತ್ತು, ಬೀಗರ ಜಗಳದಿಂದ ಹಿಡಿದು ಮೆಣಸಿನಕಾಯಿ ಧಾರಣೆಯವರೆಗೆ ಮಾತು ನಡೆಯುತ್ತಿತ್ತು. ಎಂಜಿನ್ ಸರಿಯಾಗುವ ಹೊತ್ತಿಗೆ ಅರ್ಧ ಊರಿನ ಸುದ್ದಿಯೂ ಬಿಚ್ಚಿ ಜೋಡಿಸಿ ಮುಗಿದಿರುತ್ತಿತ್ತು. ಆ ದಿನಗಳು ಇನ್ನು ಬರುವುದಿಲ್ಲವಲ್ಲ ಎಂದು ದಾವಲ್‌ಸಾಬ ಕೊರಗುತ್ತ ಪೆಟ್ಟಿಗೆ ಮುಚ್ಚುತ್ತಿದ್ದ.

ಆ ಗ್ಯಾರೇಜು ಮೊದಲು ಇಬ್ಬರದಾಗಿತ್ತು. ಇನ್ನೊಬ್ಬ ಕೊಟ್ರಪ್ಪ. ಎದುರಿಗೆ ದೊಡ್ಡ ಗಾಜಿನ ಸರ್ವಿಸ್ ಸೆಂಟರ್ ಎದ್ದಾಗ, ತಿಂಗಳ ಸಂಬಳ ಸಿಗುತ್ತದೆಂದು ಕೊಟ್ರಪ್ಪ ಅಲ್ಲಿಗೆ ಸೇರಿದ. ಪಾಲುದಾರರು ಬೇರೆಯಾದರೆ ಪೆಟ್ಟಿಗೆಯ ಪಾನಾಗಳನ್ನು ನೆಲದ ಮೇಲೆ ಹರವಿ, ನಿನಗೊಂದು ನನಗೊಂದು ಎಂದು ಹಂಚಿಕೊಳ್ಳುವುದು ಆ ಸಾಲಿನ ಗ್ಯಾರೇಜುಗಳ ಪದ್ಧತಿ. ದಾವಲ್‌ಸಾಬ ಹಾಗೇ ಹರವಿದ. ಕೊಟ್ರಪ್ಪ ಒಂದು ಸ್ಕ್ರೂಡ್ರೈವರನ್ನೂ ಮುಟ್ಟಲಿಲ್ಲ. "ಎಲ್ಲಾ ನಿನ್ನ ಹಂತೇಕನ ಇರಲಿ" ಎಂದು ಬರಿಗೈಯಲ್ಲಿ ರಸ್ತೆ ದಾಟಿ ಹೋದ.

ದಾವಲ್‌ಸಾಬನಿಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರ್ ಸಿಕ್ಕಿತಲ್ಲ, ಇವನಿಗೆ ಈ ಪಾನಾಗಳು ಈಗ ಕಸ ಎಂದುಕೊಂಡ. ಅವತ್ತಿನಿಂದ ಮಾತು ಬಿಟ್ಟ. ಕೊಟ್ರಪ್ಪ ಬೆಳಗ್ಗೆ ಎದುರಿನ ಬಾಗಿಲಲ್ಲಿ ಬಂದು ನಿಂತರೆ, ಇವನು ಬೆನ್ನು ತಿರುಗಿಸಿ ಕೂರುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ಹಟಕ್ಕೆ ಬಿದ್ದ ಮನುಷ್ಯನಿಗೆ ಬೆನ್ನು ನೋಯುವುದೂ ತಿಳಿಯುವುದಿಲ್ಲ, ನೋಡಿ!

ಒಂದು ಮುಂಜಾನೆ ಫಕ್ಕೀರಗೌಡರು ತಮ್ಮ ಹಳೆಯ ಪೆಟ್ರೋಲ್ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು.

"ದಾವಲ್, ನಾಳೆ ಗುಜರಿಯವ ಬರ್ತಾನ. ಮಕ್ಕಳು ಮಾತಾಡಿ ಮುಗಿಸ್ಯಾರ. ಇವತ್ತ ಇದು ರಿಪೇರಿ ಆಗಿ ಮನೀಗೆ ತಾನ ಓಡಿ ಬಂದ್ರ ಉಳೀತು. ಇಲ್ಲಾಂದ್ರ ಗ್ಯಾಸ್ ಕಟರಿಗೆ ಹೋತು."

ದಾವಲ್‌ಸಾಬನ ಕೈಗೆ ಹರೆಯ ಬಂದಂತಾಯಿತು. ಸುತ್ತಮುತ್ತ ಇಂಥ ಎಂಜಿನ್ ಇನ್ನೊಂದು ಉಳಿದಿರಲಿಲ್ಲ. ಇದು ಗುಜರಿಗೆ ಹೋದರೆ ತನ್ನ ಪೆಟ್ಟಿಗೆಯೂ ಅದರ ಹಿಂದೆಯೇ ಹೋದಂತೆ ಎಂದು ಅವನಿಗೆ ಗೊತ್ತಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದ. ಪಾಯಿಂಟ್ ಉಜ್ಜಿದ. ಪ್ಲಗ್ಗುಗಳನ್ನು ಬ್ರಷ್ ಹಾಕಿ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಹತ್ತಿತು. ಆದರೆ ಟಕಟಕ ಬಡಿಯುತ್ತ, ಕೆಮ್ಮುತ್ತ, ಎರಡು ನಿಮಿಷಕ್ಕೆ ನಿಂತಿತು. ಟ್ಯಾಪೆಟ್ ಸಡಿಲಾಗಿತ್ತು. ವಾಲ್ವ್‌ಗಳ ಸಂದನ್ನು ಫೀಲರ್ ಗೇಜಿನಿಂದ ಅಳೆದು ಕೂರಿಸಬೇಕು.

ಅದು ಇಬ್ಬರ ಕೆಲಸ. ಒಬ್ಬ ಜೀಪಿನ ಮುಂದೆ ನಿಂತು, ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿ ತಿರುಗಿಸಬೇಕು, ಇನ್ನೊಬ್ಬ ಎಂಜಿನ್ ಮೇಲೆ ಬಗ್ಗಿ ಪಟ್ಟಿ ತೂರಿಸಬೇಕು. ಕೂದಲೆಳೆಯಷ್ಟು ಹೆಚ್ಚು ತಿರುಗಿದರೂ ಅಳತೆ ತಪ್ಪುತ್ತದೆ. ದಾವಲ್‌ಸಾಬ ತಾನೇ ತಿರುಗಿಸಿ ತಾನೇ ಓಡಿ ಬಂದು ನೋಡಿದ, ಆಗಲಿಲ್ಲ. ಗೌಡರ ಕೈಗೆ ಹ್ಯಾಂಡಲ್ ಕೊಟ್ಟ. ಅವರು ಗಿರ್ರನೆ ತಿರುಗಿಸಿದರು.

"ಗೌಡ್ರ, ಜ್ವಾಳ ಬೀಸಾಕತ್ತೀರೇನು? ಮೆಲ್ಲಕ!"

"ನಂಗ ಹೆಂಗ ತಿಳೀಬೇಕೋ ಮಾರಾಯ, ಎಲ್ಲಿ ನಿಲ್ಲಸೂದಂತ?"

ದಾವಲ್‌ಸಾಬ ಫೀಲರ್ ಗೇಜ್ ಹಿಡಿದುಕೊಂಡೇ ನಿಂತುಬಿಟ್ಟ. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಮೊದಲೇ ನಿಲ್ಲಿಸುತ್ತಿದ್ದ ಕೈ ಒಂದಿತ್ತು. ಅದು ಎದುರಿಗೇ ಇತ್ತು. ಹೊತ್ತು ಇಳಿಯುತ್ತಿತ್ತು. ಹೋಗಿ ಕರೆದರೆ ಮಾನ ಹೋಗುತ್ತದೆ, ಕರೆಯದಿದ್ದರೆ ಜೀಪು ಹೋಗುತ್ತದೆ. ಕರೆದೂ ಅವನು ಬರದಿದ್ದರೆ ಎರಡೂ ಹೋಗುತ್ತವೆ. ಬಹಳ ಹೊತ್ತು ಮೀನಮೇಷ ಎಣಿಸಿದ. ಕೊನೆಗೆ ಕೈಯನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿದ.

ಗಾಜಿನ ಬಾಗಿಲ ಬಳಿ ಕೊಟ್ರಪ್ಪ ಕುರ್ಚಿಯ ಮೇಲೆ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ದಾವಲ್‌ಸಾಬನ ಬಾಯಿಂದ ಸಲಾಮೂ ಬರಲಿಲ್ಲ, ನಮಸ್ಕಾರವೂ ಬರಲಿಲ್ಲ.

"ಹ್ಯಾಂಡಲ್ ಹಿಡಿಯಾವ್ರು ಯಾರೂ ಇಲ್ಲ" ಎಂದ.

ಕೊಟ್ರಪ್ಪ ಯಾವ ಗಾಡಿ, ಏನು ಎತ್ತ ಎಂದು ಕೇಳಲಿಲ್ಲ. ಎದ್ದು, ಕಂಪನಿಯ ನೀಲಿ ಅಂಗಿಯ ತೋಳು ಮಡಚುತ್ತ ಹಿಂದೆಯೇ ಬಂದ.

ಅವನು ಹ್ಯಾಂಡಲ್ ಹಿಡಿದ. ದಾವಲ್‌ಸಾಬ ಬಗ್ಗಿದ. ಹ್ಯಾಂಡಲ್ ಮೆಲ್ಲಗೆ ತಿರುಗಿತು, ನಿಂತಿತು. ಪಟ್ಟಿ ಸಂದಿನಲ್ಲಿ ಬಿಗಿಯೂ ಅಲ್ಲದೆ ಸಡಿಲೂ ಅಲ್ಲದೆ ಜಾರಿತು. ಮತ್ತೆ ತಿರುಗಿತು, ಮತ್ತೆ ನಿಂತಿತು. ಸಾಕು ಎನ್ನುವ ಅಗತ್ಯವೇ ಬೀಳಲಿಲ್ಲ. ದಾವಲ್‌ಸಾಬನ ಕಣ್ಣು ಮಂಜಾಗಿ, ನಡುವೆ ಒಮ್ಮೆ ತೋಳಿನಿಂದ ಒರೆಸಿಕೊಳ್ಳಬೇಕಾಯಿತು. ಗೌಡರು ನೋಡಿಯೂ ನೋಡದವರಂತೆ ಚಹಾ ಹೇಳಲು ಹೋದರು.

ಹೊತ್ತು ಮುಳುಗುವ ಮುಂಚೆ ಜೀಪು ಹೊಸದರಂತೆ ಗುನುಗತೊಡಗಿತು. ಗೌಡರು ಅದರಲ್ಲೇ ಕೂತು, ಹಾರನ್ ಹೊಡೆಯುತ್ತ ಊರಿಗೆ ಹೊರಟರು. ಗೆಳೆಯರಿಬ್ಬರು ಬೆಂಚಿನ ಮೇಲೆ ಉಳಿದರು. ಮನಸ್ಸಿನಲ್ಲಿ ಅಷ್ಟು ವರ್ಷ ಕೊರೆಯುತ್ತಿದ್ದುದನ್ನು ದಾವಲ್‌ಸಾಬ ಕೇಳಿಯೇಬಿಟ್ಟ.

"ಅವತ್ತ ಒಂದ ಪಾನಾನೂ ಯಾಕ ಮುಟ್ಟಲಿಲ್ಲ ನೀನು?"

"ಸೆಟ್ ಒಡದ್ರ ಏನ್ ಉಳೀತೈತೋ? ಅರ್ಧಾ ನಂಗ ಉಪಯೋಗಿಲ್ಲ, ಅರ್ಧಾ ನಿಂಗ ಉಪಯೋಗಿಲ್ಲ. ಇಬ್ಬರಾಗ ಒಬ್ಬರರ ಈ ಕೆಲಸ ನಡಿಸಲಿ ಅಂತ ಬಿಟ್ಟೆ." ಕೊಟ್ರಪ್ಪ ಚಹಾದ ಲೋಟ ಕೆಳಗಿಟ್ಟ. "ಪ್ರತಿ ಶುಕ್ರವಾರ ಅಲ್ಲಿಂದ ನೋಡ್ತಿದ್ದೆ. ಪಾನಾಗಳನ್ನ ಅಷ್ಟ ಪ್ರೀತಿಲೆ ಒರಸ್ತಿದ್ದಿ. ಇವಂಗ ಇವು ಇದ್ರ ಸಾಕು, ನಾ ಬೇಕಾಗಿಲ್ಲ ಅಂದ್ಕೊಂಡೆ."

ದಾವಲ್‌ಸಾಬ ಬೆಂಚಿನ ಮೇಲೆ ಅವನ ಹತ್ತಿರಕ್ಕೆ ಸರಿದು ಕೂತ. "ನಾಳಿಂದ ದಿನಾ ಸಂಜೀಕ ಬಾ. ಕೆಲಸ ಇರಲಿ, ಬಿಡಲಿ" ಎಂದ.

"ಇವತ್ತ ನಂದು ಆ ಕೆಲಸದ ಕಡೀ ದಿನ. ನಾಳೆ ಮುಂಜಾನೆ ಬಸ್ಸಿಗೆ ಬಳ್ಳಾರಿಗೆ ಹೊಂಟೇನಿ. ಮಗಳ ಮನಿ ಅಲ್ಲೇ ಐತಿ, ಇನ್ನ ಅಲ್ಲೇ."

ಅಂಗಡಿಗಳ ದೀಪ ಹತ್ತುವವರೆಗೂ ಇಬ್ಬರೂ ಕೂತೇ ಇದ್ದರು. ಆಡಬೇಕಾದ ಮಾತು ಬೆಟ್ಟದಷ್ಟಿತ್ತು, ಆಡಿದ್ದು ಬೊಗಸೆಯಷ್ಟು. ಮರುದಿನ ದಾವಲ್‌ಸಾಬ ಬಸ್ ಸ್ಟ್ಯಾಂಡಿಗೆ ಹೋಗಿ ಗೆಳೆಯನ ಚೀಲ ಎತ್ತಿಕೊಟ್ಟು ಬಂದ. ಗ್ಯಾರೇಜಿಗೆ ಮರಳಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ರಸ್ತೆಯ ಕಡೆ ಮುಖ ಮಾಡಿ ಕೂತ. ಎದುರಿನ ಬಾಗಿಲಲ್ಲಿ ಯಾರೋ ಬೇರೆಯವರು ನಿಂತಿದ್ದರು.

ನೀತಿ: ಹೋದ ಕಾಲವನ್ನು ನೆನೆದು ಕೊರಗುವಾಗ ನಾವು ಅದರ ಸಾಮಾನುಗಳನ್ನು ಎದೆಗೊತ್ತಿಕೊಳ್ಳುತ್ತೇವೆ. ನಿಜವಾಗಿ ನಮ್ಮ ಜೀವ ಹಂಬಲಿಸುವುದು ಆಗ ಜೊತೆಗಿದ್ದ ಮನುಷ್ಯರಿಗಾಗಿ. ಅವರು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವಾಗಲೇ ಹಟ ಬಿಟ್ಟು ಹೋಗಿ ಕರೆಯಬೇಕು.