ನಲವತ್ತೊಂದನೆಯ ಪದರದ ನೀರು

ಮಠದ ಒಲೆಯ ಬೂದಿಯನ್ನು ಗೋಡೆಯಾಚೆ ಚೆಲ್ಲಿ, ಖಾಲಿ ಬುಟ್ಟಿ ಹಿಡಿದು ಬಂದ ಶಿಷ್ಯ ಮುರಿಗೆಪ್ಪ ಗುರುಗಳನ್ನು ಕೇಳಿದ: "ಬುದ್ಧೀ, ಕಣ್ಣಿಗೆ ಕಾಣದಷ್ಟು ದೂರ ಕಳಿಸಿದ ಮೇಲೆ ಕೊಳೆ ಕಳೆದಂತೆಯೇ ಅಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಸೀಸ ಕರಗಿಸುವ ಕುಲುಮೆ ಇಟ್ಟಿದ್ದ. ಅದರ ಹೊಗೆಗೆ ಊರವರು ಒಣಹಾಕಿದ ಪಂಚೆಗಳೆಲ್ಲ ಮಸಿ ಹಿಡಿಯುತ್ತಿದ್ದವು. ಜನ ಬಂದು ಬೈದರು. ವ್ಯಾಪಾರಿ ಚಿಮಣಿಯನ್ನು ಮೂರು ತೆಂಗಿನ ಮರದಷ್ಟು ಎತ್ತರಿಸಿದ. ಪಂಚೆಗಳು ಬಿಳಿಯಾದವು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡ ಊರವರು ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಹೊಗೆ ಎಲ್ಲಿಗೆ ಹೋಯಿತೆಂದು ಒಬ್ಬನೂ ಕೇಳಲಿಲ್ಲ. ಶಾಲು ಹೊದಿಸುವ ಗಡಿಬಿಡಿಯಲ್ಲಿ ಯಾರು ಕೇಳುತ್ತಾರೆ?

ನಲವತ್ತು ವರ್ಷ ಕಳೆಯಿತು. ವ್ಯಾಪಾರಿಯ ಕೈ ನಡುಗತೊಡಗಿತು. ತುತ್ತು ಬಾಯಿ ಬಿಟ್ಟು ಕಿವಿಯ ಕಡೆ ಹೋಗುತ್ತಿತ್ತು. "ಮೈಗೆಲ್ಲ ಸೀಸ ಸೇರಿದೆ. ಸೀಸದ ಸೋಂಕಿಲ್ಲದ ನೀರು ಕುಡಿದರೆ ಉಳಿಯುತ್ತೀರಿ, ಇಲ್ಲದಿದ್ದರೆ ಇಲ್ಲ," ಎಂದ ವೈದ್ಯ.

ವ್ಯಾಪಾರಿಗೆ ಜೀವಭಯ ಹತ್ತಿತು. ಜನರಿಲ್ಲದ ಜಾಗದ ನೀರೇ ಶುದ್ಧವೆಂದು ಚೊಂಬು ಹಿಡಿದು, ಚಳಿಗೆ ಆ ಶಾಲನ್ನೇ ಹೊದ್ದು, ಭೂಮಿಯ ಉತ್ತರದ ತುದಿಗೆ ಹೋದ. ಅಲ್ಲಿ ಎತ್ತ ನೋಡಿದರೂ ಹಿಮ. ಒಬ್ಬ ಪಂಡಿತ ಮಾತ್ರ ಗುಂಡಿ ತೋಡಿ ಹಿಮ ಪರೀಕ್ಷಿಸುತ್ತ ಕೂತಿದ್ದ. ವ್ಯಾಪಾರಿ ಚೊಂಬು ಚಾಚಿದ.

"ಮೇಲಿನದು ಬೇಡ, ಸೀಸವಿದೆ," ಎಂದ ಪಂಡಿತ. "ಇಲ್ಲಿ ಬಿದ್ದ ಹಿಮ ಕರಗುವುದಿಲ್ಲ. ವರ್ಷಕ್ಕೊಂದು ಪದರ, ಒಂದರ ಮೇಲೊಂದು ಕೂರುತ್ತದೆ. ಆಯಾ ವರ್ಷದ ಗಾಳಿಯಲ್ಲಿ ಇದ್ದದ್ದು ಆಯಾ ಪದರದಲ್ಲಿ ಉಳಿದಿದೆ. ಮೇಲಿನ ನಲವತ್ತರಲ್ಲೂ ಸೀಸ. ಯಾವನೋ ಪುಣ್ಯಾತ್ಮ ಎಲ್ಲೋ ಚಿಮಣಿ ಎತ್ತರಿಸಿರಬೇಕು."

ವ್ಯಾಪಾರಿ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ತೆಗೆದು ಚೀಲಕ್ಕೆ ತುರುಕಿದ.

"ಹಾಗಾದರೆ ನಲವತ್ತೊಂದನೆಯದರಿಂದ ಒಂದು ಚೊಂಬು ಕೊಡಿ, ಸ್ವಾಮಿ," ಎಂದ.

ಪಂಡಿತ ಆಳಕ್ಕೆ ಅಗೆದು, ಹಿಮ ಕರಗಿಸಿ ಕೊಟ್ಟ. ಎರಡು ಕೈಯಲ್ಲಿ ಹಿಡಿದರೂ ಚೊಂಬು ನಡುಗಿ ನೀರೆಲ್ಲ ಗಡ್ಡಕ್ಕೆ ಹೋಯಿತು. ಬಾಯಿಗೆ ಬಿದ್ದದ್ದು ಎರಡೇ ಗುಟುಕು. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಾಯಿತು, ಪಾಪ.

ಮುರಿಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ದಡ್ಡ, ಬುದ್ಧೀ. ಆಚೆ ಕಳಿಸಿದ್ದು ಎಲ್ಲಾದರೂ ಬಿದ್ದೇ ಬೀಳುತ್ತದೆಂದು ಅವನಿಗೆ ಹೊಳೆಯಲಿಲ್ಲವೇ?"

"ನಿನ್ನೆ ಊಟದಲ್ಲಿ ನೀನು ಎರಡೆರಡು ಸಲ ಕೇಳಿ ಬಡಿಸಿಕೊಂಡೆಯಲ್ಲ," ಎಂದರು ಗುರುಗಳು, "ಆ ಸಂಡಿಗೆಯನ್ನು ಅಡುಗೆಯ ಸಿದ್ದಮ್ಮ ಒಣಹಾಕುವುದು ನಮ್ಮ ಗೋಡೆಯಾಚೆಯೇ."