ತವರಿಗೆ ಹೊರಟರೆ ಸೀನು

ಮೂಗು ಒರೆಸ್ಕೊಂಡು ಹತ್ರ ಬಾ ಪುಟ್ಟಿ. ಒಂದಾನೊಂದು ಕಾಲದಲ್ಲಿ, ಹೊರಡೋವಾಗ ಸೀನಿದ್ರೆ ಇಟ್ಟ ಕಾಲು ಹಿಂದಕ್ಕೆ ತೆಗೀಬೇಕು ಅಂತಿದ್ದ ಕಾಲದಲ್ಲಿ, ಸಣ್ಣತಾಯಿ ಅಂತ ಒಬ್ಬ ಸೊಸೆ ಇದ್ಲಂತೆ. ಅವಳಿಗೆ ತವರು ಅಂದ್ರೆ ಪ್ರಾಣ. ರಾಗಿ ಬೀಸುವಾಗ್ಲೂ ಅವ್ವ, ನೀರು ಸೇದುವಾಗ್ಲೂ ಅವ್ವ. ಗೌರಿ ಹಬ್ಬಕ್ಕೆ ಕರೆಯೋಕೆ ಅಣ್ಣ ಗಾಡಿ ಕಟ್ಕೊಂಡು ಬಂದ್ನಂತೆ. ಅತ್ತೆ ಒಳ್ಳೆಯವಳೇ, ಬೋಳು ಜಡೇಲಿ ಕಳಿಸಿದ್ರೆ ಬೀಗಿತ್ತಿ ಏನಂದ್ಕೊಂಡಾಳು ಅಂತ ಜಡೆ ತುಂಬ ಕೇದಿಗೆ ಮುಡಿಸಿದ್ಲಂತೆ. ಆಮೇಲೆ ಇವಳು ಹೊಸ್ತಿಲಿಗೆ ಕೈ ಮುಗೀಬೇಕು, ಆಕ್ಷಿ ಅಂತ ಸೀನು. ಅಪಶಕುನ ಕಣೆ, ಬೇಡ ಅಂದ್ಲಂತೆ ಅತ್ತೆ. ಗಾಡಿ ಖಾಲಿ ಹೋಯ್ತಂತೆ.

ಎಲ್ಲರೂ ನೆಗಡಿ ಅಂದ್ಕೊಂಡ್ರು. ಮಾರನೇ ವರ್ಷ ಶುಂಠಿ ಮೆಣಸಿನ ಕಷಾಯ ಕುಡಿಸಿದ್ರೆ ಗಂಟಲು ಉರೀತು, ಸೀನು ನಿಲ್ಲಲಿಲ್ಲ. ಅದರ ಮುಂದಿನ ವರ್ಷ ಅರಿಶಿನದ ಕೊಂಬು ಸುಟ್ಟು ಹೊಗೆ ಹಿಡಿದ್ರೆ ಕಣ್ಣೂ ಕೆಂಪಾಯ್ತು. ಆಮೇಲಿನ ವರ್ಷ ಪಂಡಿತರ ಗುಳಿಗೆ. ಸೀನೇನೋ ನಿಂತಿತು, ಗುಳಿಗೆ ಅಮಲಿಗೆ ಸಂಜೆತನಕ ನಿದ್ದೆ. ಹಂಗೇ ಎತ್ಕೊಂಡು ಹೋಗ್ಬೋದಿತ್ತಲ್ಲ ಅಂತೀಯಾ? ಹೊಸ್ತಿಲಿಗೆ ಕೈ ಮುಗೀದೆ ಹೊರಟೋರುಂಟೇನೇ? ಎದ್ದು ನೋಡಿದ್ರೆ ಅಣ್ಣನೂ ಇಲ್ಲ, ಗಾಡಿನೂ ಇಲ್ಲ. ಅವ್ವನ ಮುಖ ಮರೆತುಹೋಗ್ತಿದೆ ಅತ್ತೆ ಅಂತ ಅತ್ತಳಂತೆ.

ಮುಂದಿನ ಗೌರಿಗೆ ಪಂಡಿತರೇ ಬಂದು ಕೂತ್ರಂತೆ. ನೆಗಡಿ ಆದ್ರೆ ಗಂಟಲು ನೋಯತ್ತೆ, ಮೈ ಬಿಸಿಯಾಗತ್ತೆ, ವಾರದಲ್ಲಿ ತಾನಾಗೇ ಹೋಗತ್ತೆ, ಇದು ಅದಲ್ಲ, ಮೈಗೆ ಆಗದ ಧೂಳು ಮೂಗಿಗೆ ಹೋದ್ರೆ ಕಳ್ಳ ಬಂದ ಅಂತ ಮೈಯೇ ತಮಟೆ ಹೊಡೆಯತ್ತೆ, ಅದೇ ಈ ಸೀನು, ಹೊರಡೋ ದಿನ ಮಾತ್ರ ಇವಳಿಗೇನು ಮಾಡ್ತೀರಮ್ಮ ಅಂತ ಕೇಳಿದ್ರಂತೆ. ಅತ್ತೆ ಕೈಲಿ ಕೇದಿಗೆ ಇತ್ತು. ಬೆರಳೆಲ್ಲ ಹಳದಿ ಪುಡಿ. ಅಯ್ಯೋ ವರ್ಷ ವರ್ಷ ನಾನೇ ಇದನ್ನ ಮುಡಿಸ್ತಿದ್ನಲ್ಲೇ ಅಂತ ಹಿತ್ತಲಿಗೆ ಎಸೆದು, ಕೈ ತೊಳ್ಕೊಂಡು, ಬೋಳು ಜಡೇಲೇ ಕಳಿಸಿದ್ಲಂತೆ. ಸಣ್ಣತಾಯಿ ಹೊಸ್ತಿಲು ದಾಟಿದ್ಲು, ಸೀನು ಬರಲಿಲ್ಲ.

ಗಾಡಿ ಹತ್ತಿ ತಿರುಗಿ ನೋಡಿದ್ರೆ ಅತ್ತೆ ಸೆರಗಲ್ಲಿ ಕಣ್ಣೊರೆಸ್ಕೋತಾ ಇದ್ಲಂತೆ. ಯಾಕತ್ತೆ ಅಂದ್ರೆ, ನನ್ನ ತವರಲ್ಲಿ ಕರೆಯೋರು ಯಾರೂ ಉಳಿದಿಲ್ಲ ಕಣೆ, ನೀನು ಹೋಗಿ ಬಾ ಅಂದ್ಲಂತೆ. ಗಾಡೀಲಿ ಜಾಗ ಇದೆ, ಹತ್ತಿ ಅತ್ತೆ ಅಂದ್ಲಂತೆ ಸೊಸೆ.

ಅಲ್ಲಿ ಸಣ್ಣತಾಯಿ ಅವ್ವ ಇಬ್ಬರ ತಲೆಗೂ ಎಣ್ಣೆ ಹಚ್ಚಿ, ನೀರು ಹಾಕಿ, ಅಕ್ಕಪಕ್ಕ ಕೂರಿಸಿ ಕೈತುತ್ತು ಕೊಟ್ಲಂತೆ. ಮೊದಲ ತುತ್ತಿಗೇ ಆ ಮುದುಕಿ, ತನಗಿಂತ ಚಿಕ್ಕವಳಾದ ಬೀಗಿತ್ತೀನ ಅವ್ವಾ ಅಂದುಬಿಟ್ಲಂತೆ.

ಹಬ್ಬನೂ ಆಯ್ತು, ಕತೆನೂ ಮುಗೀತು. ಮಲಕ್ಕೋ ನನ್ನವ್ವ.