ಅಜ್ಜಿಯ ಕಿಟಕಿಯ ಕಾಗದದ ಗಿಳಿಗಳು

“ಗುರುಗಳೇ, ತಿಳಿಯಲಾರದವರ ಮುಂದೆ ವಿದ್ಯೆಯನ್ನು ತೆರೆದಿಟ್ಟು ಏನು ಫಲ?”

ಹೀಗೆ ಕೇಳಿದವನು ನಾಗಯ್ಯ. ಹೊಳೆಯಾಚೆಯ ಹಟ್ಟಿಯಲ್ಲಿ ಪ್ರವಚನ ಮಾಡಿ ಬರಲು ಗುರುಗಳು ಅವನನ್ನು ಕಳಿಸಿದ್ದರು. ಅಲ್ಲಿ ಕುರಿ ಕಾಯುವವರ ಮನೆಗಳಿದ್ದವು. ತಾನು ಕಲಿತದ್ದರಲ್ಲೆಲ್ಲ ಕಠಿಣವಾದ ಶ್ಲೋಕವನ್ನು ಆರಿಸಿ, ಪದ ಬಿಡಿಸಿ ಅರ್ಥ ಹೇಳಿದ್ದ. ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗಂಡಸರು ಒಬ್ಬೊಬ್ಬರಾಗಿ ಎದ್ದು ಕುರಿ ನೋಡಲು ಹೋದರು. ತನ್ನ ಮಾತನ್ನು ಯಾರೂ ಕೇಳಲಿಲ್ಲ, ಇನ್ನು ಮುಂದೆ ಅಲ್ಲಿಗೆ ಹೋದರೆ ಏನೋ ಒಂದಿಷ್ಟು ಹೇಳಿ ಬಂದರೆ ಸಾಕಲ್ಲವೇ ಎಂಬುದು ಅವನ ಅಹವಾಲು.

ಗುರುಗಳು ನಕ್ಕರು. ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಹೊನ್ನಪ್ಪ ಎಂಬುವನಿದ್ದ. ಕಾಗದದಲ್ಲಿ ಅಲಂಕಾರ ಮಾಡುವುದು ಅವನ ಕಸುಬು. ಮದುವೆಯ ಚಪ್ಪರ, ಗೌರಿಯ ಮಂಟಪ, ಕೂಸನ್ನು ತೊಟ್ಟಿಲಿಗೆ ಹಾಕುವ ಮನೆ, ಎಲ್ಲಿ ಸಂಭ್ರಮವೋ ಅಲ್ಲಿ ಅವನ ಕತ್ತರಿ. ಕಾಗದವನ್ನು ಮಡಿಸಿ, ಅಂಚಿನಲ್ಲಿ ಕತ್ತರಿ ಆಡಿಸಿ, ಬಿಡಿಸಿದನೆಂದರೆ ಜಾಲರಿ. ಸುತ್ತಿ ಹಿಂಡಿ ದಾರ ಬಿಗಿದನೆಂದರೆ ತಾವರೆ. ರಟ್ಟಿನಲ್ಲಿ ನವಿಲು, ಆನೆ, ಗಿಳಿಗಳನ್ನು ಕತ್ತರಿಸಿ, ಬಣ್ಣದ ಕಾಗದ ಹಚ್ಚಿ ಗೋಡೆಗೆ ಅಂಟಿಸಿದರೆ, ನೋಡಿದವರಿಗೆ ಹತ್ತಿರ ಹೋಗಿ ಮುಟ್ಟುವ ಆಸೆಯಾಗುತ್ತಿತ್ತು. ಮುಟ್ಟಿದರೆ ಹೊನ್ನಪ್ಪನಿಗೆ ಸಿಟ್ಟು. ನೋಡುವುದಕ್ಕೆ ದೇವರು ಕಣ್ಣು ಕೊಟ್ಟಿದ್ದಾನೆ, ಕೈಯನ್ನಲ್ಲ ಎನ್ನುತ್ತಿದ್ದ.

ಅವನಿಗೊಂದು ಚಟವಿತ್ತು. ಕೆಲಸ ಮುಗಿದ ಮೇಲೆ ಮನೆಗೆ ಹೋಗುತ್ತಿರಲಿಲ್ಲ. ಬಾಗಿಲ ಪಕ್ಕದಲ್ಲಿ ನಿಂತು ಹೊಸಿಲು ದಾಟಿ ಬರುವವರ ಮುಖ ನೋಡುತ್ತಿದ್ದ. ಬಂದವರು ತಲೆಯೆತ್ತಿ ‘ಅಬ್ಬಾ’ ಎಂದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು. ಊಟಕ್ಕೆ ಎಲೆ ಹಾಕಿದ್ದಾರೆ ಬಾ ಎಂದು ಕರೆದರೂ, ಇನ್ನೂ ನಾಲ್ಕು ಜನ ಬರುವವರಿದ್ದಾರೆ ಎಂದು ಅಲ್ಲೇ ನಿಲ್ಲುತ್ತಿದ್ದ.

ಅದೇ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬನಿಗೆ ಬಹಳ ವರ್ಷಗಳ ಹರಕೆಯ ಮೇಲೆ ಮೊಮ್ಮಗಳು ಹುಟ್ಟಿದಳು. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ನಾಮಕರಣಕ್ಕೆ ಊರಿಗೆ ಊರನ್ನೇ ಕರೆದ. ಪಡಸಾಲೆಯನ್ನು ಹೊನ್ನಪ್ಪನಿಗೆ ಒಪ್ಪಿಸಿ, ನೋಡಿದವರು ನೆನಪಿಟ್ಟುಕೊಳ್ಳುವ ಹಾಗಿರಲಿ ಎಂದ. ಹಿತ್ತಲ ಕಡೆಯ ಕೋಣೆಯಲ್ಲಿ ವ್ಯಾಪಾರಿಯ ತಾಯಿ ಚೆನ್ನಜ್ಜಿ ಇದ್ದಳು. ಅವಳ ಎರಡು ಕಣ್ಣೂ ಹೋಗಿ ಬಹಳ ಕಾಲವಾಗಿತ್ತು. ವ್ಯಾಪಾರಿ ಕೆಟ್ಟ ಮಗನೇನಲ್ಲ. ಹೊತ್ತಿಗೆ ಸರಿಯಾಗಿ ಊಟ, ಬೆಚ್ಚನೆಯ ಹಾಸಿಗೆ, ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಆ ಕೋಣೆಗೆ ಮಾತ್ರ ಅಲಂಕಾರ ಬೇಡ, ಅವ್ವನಿಗೆ ಕಾಣುವುದಿಲ್ಲ, ಬಂದವರು ಅಲ್ಲಿಯವರೆಗೆ ಬರುವುದೂ ಇಲ್ಲ ಎಂದ. ಹೊನ್ನಪ್ಪನಿಗೂ ಅದು ಸರಿಯೆನಿಸಿತು.

ನಾಮಕರಣದ ಬೆಳಗ್ಗೆ ಪಡಸಾಲೆಯ ಕೆಲಸ ಬಹುಪಾಲು ಮುಗಿದಿತ್ತು. ಉಳಿದ ಜಾಲರಿ ಕತ್ತರಿಸಲು ಹೊನ್ನಪ್ಪ ಹಿತ್ತಲ ಜಗಲಿಗೆ ಬಂದು ಕುಳಿತ. ಕತ್ತರಿಯ ಸದ್ದು ಕೇಳಿ ಅಜ್ಜಿ ಕೋಣೆಯಿಂದಲೇ ಮಾತಾಡಿಸಿದಳು. ಯಾರು, ಏನು ಮಾಡುತ್ತಿದ್ದೀ ಎಂದು ಕೇಳಿದಳು. ತನ್ನ ಕೆಲಸದ ಮಾತು ಬಂದರೆ ಹೊನ್ನಪ್ಪನಿಗೆ ಬಿಡುವೆಂಬುದಿಲ್ಲ. ಎದ್ದು ಕೋಣೆಗೇ ಹೋಗಿ, ತೊಲೆಗೆ ಇಳಿಬಿಟ್ಟ ತಾವರೆಗಳನ್ನು, ತೊಟ್ಟಿಲ ಹಿಂದಿನ ನವಿಲನ್ನು, ಬಾಗಿಲ ತೋರಣವನ್ನು ಒಂದೊಂದಾಗಿ ಬಣ್ಣಿಸಿದ. ಅಜ್ಜಿ ಒಂದನ್ನೂ ಬಿಡದೆ ಕೇಳಿಸಿಕೊಂಡಳು. ಕೊನೆಗೆ, ನನ್ನ ಕೋಣೆಗೆ ಏನು ಹಾಕಿದ್ದೀಯಪ್ಪ ಎಂದಳು.

ಹೊನ್ನಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಿಟಕಿಯ ತುಂಬ ಗಿಳಿ ಕಟ್ಟಿದ್ದೇನೆ ಎಂದುಬಿಟ್ಟ.

ಅಜ್ಜಿ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಹಿತ್ತಲಿನಿಂದ ಗಾಳಿ ಬರುತ್ತಿತ್ತು, ಅವಳ ಸೆರಗು ಅಲ್ಲಾಡುತ್ತಿತ್ತು. ಒಂದಷ್ಟು ಹೊತ್ತು ಕಿವಿಗೊಟ್ಟು ಕುಳಿತಳು.

“ಇಷ್ಟು ಗಾಳಿ ಬೀಸ್ತಿದೆ, ಒಂದೂ ರೆಕ್ಕೆ ಬಡೀತಿಲ್ಲವಲ್ಲಪ್ಪ,” ಎಂದಳು. “ಮಲಗಿರಬೇಕು ಬಿಡು. ಎಬ್ಬಿಸಬೇಡ.”

ಮಾತಿನಲ್ಲಿ ಕೊಂಕಿರಲಿಲ್ಲ. ತುಟಿಯಂಚಿನಲ್ಲಿ ನಗುವಿತ್ತು, ಅಷ್ಟೆ. ಹೊನ್ನಪ್ಪ ಅಲ್ಲಿಂದ ಎದ್ದ. ಪಡಸಾಲೆಗೆ ಹೋಗಿ ಜಾಲರಿ ಅಂಟಿಸಲು ನೋಡಿದ. ಕೈ ಓಡಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗಬಹುದಿತ್ತು. ಅಜ್ಜಿ ಅವನ ಸುಳ್ಳನ್ನು ಕಂಡೂ ಅದಕ್ಕೊಂದು ಹೊದಿಕೆ ಹೊದಿಸಿ ಕಳಿಸಿದ್ದಳು. ಆ ಹೊದಿಕೆಯೇ ಅವನನ್ನು ಕುಟುಕಿತು. ಅಂಟಿನ ಬಟ್ಟಲು ಎತ್ತಿಕೊಂಡು ಮತ್ತೆ ಹಿಂದಕ್ಕೆ ಬಂದು ಅವಳ ಮಂಚದ ಪಕ್ಕ ನೆಲದ ಮೇಲೆ ಕುಳಿತ.

“ಅಜ್ಜಿ, ನಾನು ಸುಳ್ಳು ಹೇಳಿದೆ,” ಎಂದ. “ಈಗ ಮಾಡ್ತೀನಿ. ನಿಮಗೆ ಎಂಥ ಗಿಳಿ ಬೇಕು, ಹೇಳಿ.”

ಈ ಮಾತನ್ನು ಅವನು ಅದುವರೆಗೆ ಯಾವ ಮನೆಯಲ್ಲೂ ಆಡಿರಲಿಲ್ಲ. ಏನು ಚೆಂದ, ಏನಲ್ಲ ಎಂಬುದು ಅವನಿಗೇ ಗೊತ್ತಿತ್ತು.

“ಗಾಳಿ ಬಂದರೆ ನನಗೆ ಗೊತ್ತಾಗಬೇಕು, ಕೈ ಚಾಚಿದರೆ ಸಿಗಬೇಕು,” ಎಂದಳು ಅಜ್ಜಿ. “ಬಣ್ಣ ನಿನ್ನಿಷ್ಟ.”

ಹೊನ್ನಪ್ಪ ರಟ್ಟಿನ ಗಿಳಿಯೊಂದನ್ನು ತಂದು ಕಿಟಕಿಗೆ ಹಿಡಿದ. ಹಲಗೆಯ ಹಾಗೆ ಸುಮ್ಮನಿತ್ತು. ಅದನ್ನು ಬದಿಗಿಟ್ಟು ಕಾಗದದ ಗಂಟು ಬಿಚ್ಚಿದ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿದ. ಗಾಳಿಪಟದ ಕಾಗದ ಪರಪರ ಎಂದಿತು. ಮಿಂಚುವ ತೆಳು ಬೇಗಡೆ ಕಾಗದ ಹೊಸ ಸೀರೆಯ ಹಾಗೆ ಸರಸರ ಎಂದಿತು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಒರಟು ಕಾಗದ ಗರಗರ ಎಂದು ಗದರಿತು. ಹುಟ್ಟಿದಾಗಿನಿಂದ ಕಾಗದದ ನಡುವೆ ಬದುಕಿದವನಿಗೆ ಅದಕ್ಕೂ ದನಿಯುಂಟು ಎಂಬುದು ಅಂದೇ ಗೊತ್ತಾದದ್ದು. ಅವನಿಗೆ ನಗು ಬಂತು.

ಗಾಳಿಪಟದ ಕಾಗದದಲ್ಲಿ ಮೈ ಮಾಡಿ, ಬೇಗಡೆಯಲ್ಲಿ ರೆಕ್ಕೆ ಹಚ್ಚಿ, ಸಣ್ಣ ಪಟ್ಟಿಗಳ ಬಾಲ ಬಿಟ್ಟ. ಮೊದಲ ಗಿಳಿಯನ್ನು ಅಜ್ಜಿಯ ಕೈಗೆ ಕೊಟ್ಟ. ಅವಳು ಬೆರಳ ತುದಿಯಿಂದ ಅದರ ತಲೆ ಸವರಿ, ಕೊಕ್ಕಿನ ಮೇಲೆ ಬೆರಳು ನಿಲ್ಲಿಸಿದಳು. ಇದು ಕಾಗೆಯ ಕೊಕ್ಕು, ಗಿಳಿಯದು ಬಾಗಿರುತ್ತೆ ಎಂದಳು. ಚಿಕ್ಕಂದಿನಲ್ಲಿ ತವರಿನ ಸೀಬೆಮರದಲ್ಲಿ ಅವಳು ದಿನವೂ ಗಿಳಿ ನೋಡಿದ್ದಳು. ಹೊನ್ನಪ್ಪ ಕತ್ತರಿಯ ಬೆನ್ನಿನಿಂದ ಎಳೆದು ಕೊಕ್ಕು ಬಾಗಿಸಿದ. ಎರಡನೆಯದನ್ನು ಅಜ್ಜಿ ಊದಿ ನೋಡಿ, ಇದು ಮೂಗ, ಬಾಲ ಉದ್ದ ಮಾಡು ಎಂದಳು. ಮಾಡಿದ. ಹಸಿರು ಕಾಗದ ಮುಗಿದುಹೋಯಿತು. ಸಿಕ್ಕಿದ ಬಣ್ಣಕ್ಕೆ ಕೈ ಹಾಕಿದ. ಹಳದಿ ಮೈ, ನೇರಳೆ ರೆಕ್ಕೆ, ಕೆಂಪು ಬಾಲದ ಗಿಳಿಗಳು ಹುಟ್ಟಿದವು. ಅಂಥವನ್ನು ಅವನು ಪಡಸಾಲೆಯ ಗೋಡೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅಜ್ಜಿ ದಾರ ಹಿಡಿದಳು, ಅವನು ಗಂಟು ಹಾಕಿದ. ಇಬ್ಬರೂ ಹರಟೆ ಹೊಡೆಯುತ್ತ ಕೂತರು.

ಅಷ್ಟರಲ್ಲಿ ಜನ ಬರತೊಡಗಿದ್ದರು. ಪಡಸಾಲೆಯಿಂದ ‘ಅಬ್ಬಾ’ ಎಂಬ ಸದ್ದು ಮೇಲಿಂದ ಮೇಲೆ ಕೇಳುತ್ತಿತ್ತು. ಹೊನ್ನಪ್ಪ ಕಿಟಕಿಯ ಬಳಿ ಮಣೆಯ ಮೇಲೆ ನಿಂತು ಗಿಳಿ ಕಟ್ಟುತ್ತಿದ್ದ. ಬಾಗಿಲಿಗೆ ಹೋಗಿ ನಿಲ್ಲಬೇಕೆಂಬುದು ಅವನ ನೆನಪಿಗೇ ಬರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಾಯಿತು. ಅಷ್ಟು ಜನರನ್ನು ಕಂಡು ಕೂಸು ಹೆದರಿ ಅಳತೊಡಗಿತು. ಹೆಂಗಸರು ಜೋಗುಳ ಹಾಡಿದರು. ಹಾಡು ಏರಿದಷ್ಟೂ ಅಳು ಏರಿತು. ತಾಯಿ ಕಂಗಾಲಾಗಿ, ಹಾಲು ಕೊಡಲು ಕೂಸನ್ನೆತ್ತಿಕೊಂಡು ಅಜ್ಜಿಯ ಕೋಣೆಗೆ ಬಂದಳು. ಆ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿ, ಕಿಟಕಿಯ ಗಿಳಿಗಳೆಲ್ಲ ಒಟ್ಟಿಗೆ ರೆಕ್ಕೆ ಬಡಿದವು. ಕೂಸು ಬಿಕ್ಕುತ್ತಲೇ ಅಳು ನಿಲ್ಲಿಸಿ ಕತ್ತು ತಿರುಗಿಸಿ ನೋಡಿತು. ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ನಕ್ಕಿತು.

ಅಳು ಏಕೆ ನಿಂತಿತೆಂದು ನೋಡಲು ಸೋದರತ್ತೆ ಬಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕೋಣೆ ತುಂಬಿ ಜಗಲಿ ತುಂಬಿತು. ಅಜ್ಜಿ ಗಿಳಿಯೊಂದನ್ನು ಕೈಯಲ್ಲಿ ಹಿಡಿದು, ಮೊದಲು ಇದರ ಕೊಕ್ಕು ಹೇಗಿತ್ತು, ಆಮೇಲೆ ತಾನು ಹೇಗೆ ತಿದ್ದಿಸಿದೆ ಎಂದು ಬಂದವರಿಗೆಲ್ಲ ಹೇಳಿದಳು. ಮುಟ್ಟಿ ನೋಡಿ ಎಂದು ಒತ್ತಾಯ ಮಾಡಿದಳು. ಮುಟ್ಟಿದರು. ಹೊನ್ನಪ್ಪ ಸುಮ್ಮನಿದ್ದ.

ತೊಟ್ಟಿಲನ್ನು ಇಲ್ಲಿಗೇ ತನ್ನಿ ಎಂದು ಯಾರೋ ಅಂದರು. ಅಷ್ಟು ಚೆಂದದ ಪಡಸಾಲೆಯನ್ನು ಬಿಟ್ಟು ಈ ಇಕ್ಕಟ್ಟಿನಲ್ಲೇ ಎಂದು ವ್ಯಾಪಾರಿ ಗೊಣಗಿದ. ಗೊಣಗುತ್ತಲೇ ತೊಟ್ಟಿಲಿಗೆ ಹೆಗಲು ಕೊಟ್ಟ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಗಿಳಿಗಳ ಗದ್ದಲದಲ್ಲಿ ಅದು ಪಕ್ಕದವರಿಗೂ ತಿಳಿಯಲಿಲ್ಲ. ಮತ್ತೆ ಕೂಗಿ ಹೇಳಬೇಕಾಯಿತು. ಮನೆಯೆಲ್ಲ ನಕ್ಕಿತು.

ಕೈಯ ಅಂಟು ತೊಳೆದು ಬರಲು ಹೊನ್ನಪ್ಪ ಪಡಸಾಲೆಯನ್ನು ಹಾದು ಹೋದ. ನವಿಲು, ಆನೆ, ತಾವರೆ ಎಲ್ಲವೂ ಇದ್ದಲ್ಲೇ ಇದ್ದವು. ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದಿನ ಹೊನ್ನಪ್ಪನಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಇವನು ಒಳಗಿನ ನಗುವಿಗೆ ಕಿವಿಗೊಟ್ಟು ಅರೆಗಳಿಗೆ ನಿಂತ. ಊಟಕ್ಕೆ ಕರೆ ಬಂತು. ಹೋಗಿ ಮೊದಲ ಪಂಕ್ತಿಯಲ್ಲೇ ಕುಳಿತು, ಪಾಯಸವನ್ನು ಮತ್ತೊಮ್ಮೆ ಹಾಕಿಸಿಕೊಂಡು ಉಂಡ.

ಗುರುಗಳು ಕತೆ ನಿಲ್ಲಿಸಿದರು.

ನಾಗಯ್ಯನಿಗೆ ಸಮಾಧಾನವಾಗಲಿಲ್ಲ. ಕಾಣದವರಿಗೂ ಚೆನ್ನಾಗಿಯೇ ಮಾಡಬೇಕು ಎಂಬುದು ಕತೆಯ ತಾತ್ಪರ್ಯವಾದರೆ, ತಾನು ಹಟ್ಟಿಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ, ತನ್ನಲ್ಲಿದ್ದ ಉತ್ತಮವಾದದ್ದನ್ನೇ ಹೇಳಿದ್ದೆ ಎಂದು ವಾದಿಸಿದ.

“ಅವರು ನಿನ್ನ ಮಾತು ಕೇಳಲಿಲ್ಲ ಎಂದೆಯಲ್ಲ, ನೀನು ಅವರನ್ನು ಕೇಳಿದ್ದೆಯಾ?” ಎಂದರು ಗುರುಗಳು.

ಮರುದಿನ ಬೆಳಗ್ಗೆ ನಾಗಯ್ಯ ಮತ್ತೆ ಹೊಳೆ ದಾಟಿ ಹಟ್ಟಿಯ ಕಡೆಗೆ ನಡೆದ.